ಹೆಸರಿನ ಪುಸ್ತಕ

ಪುಸ್ತಕ ಬರೆಯುವುದೇ ಕಷ್ಟ ಎನ್ನುವವರು ಅದನ್ನು ಹೆಗಲಿಗೆ ಹಾಕಿಕೊಂಡು ಮಾರಲು ಹೊರಟವರಲ್ಲ. ಮೂವತ್ತಾರು ವರ್ಷ ಮೇಷ್ಟ್ರ ಕೆಲಸ ಮಾಡಿ ನಿವೃತ್ತನಾದ ಎಷ್ಟೋ ವರ್ಷಗಳ ಮೇಲೆ ನಾನೊಂದು ಸಣ್ಣ ಪುಸ್ತಕ ಬರೆದೆ. ನಮ್ಮ ದೇಶದಲ್ಲಿ ಮತದಾನ ಹೇಗೆ ಬೆಳೆದುಬಂತು, ಓದುಬರಹ ಬಾರದ ಜನ ಓಟು ಹಾಕುವಂತಾಗಲು ಯಾರು ಯಾರು ಏನೇನು ಉಪಾಯ ಮಾಡಿದರು ಎಂಬುದು ಅದರ ವಿಷಯ. ಚುನಾವಣೆ ಬಂದಾಗಲೆಲ್ಲ ಮೇಷ್ಟ್ರುಗಳ ಕೈಗೆ ಪೆಟ್ಟಿಗೆ ಕೊಟ್ಟು ಲಾರಿ ಹತ್ತಿಸುವುದು ನಮ್ಮ ಕಡೆಯ ವಾಡಿಕೆ. ಹಾಗೆ ಹತ್ತಿ ಇಳಿದು ಬಂದ ಅನುಭವವೇ ಆ ಪುಸ್ತಕಕ್ಕೆ ಮೂಲ.

ಐನೂರು ಪ್ರತಿ ಅಚ್ಚಾಯಿತು. ಪ್ರಕಾಶಕರು ಸಜ್ಜನರು. "ಇನ್ನೂರು ಪ್ರತಿ ತಮ್ಮ ಜವಾಬ್ದಾರಿ ಸಾರ್" ಎಂದು ನಗುತ್ತಲೇ ಕಟ್ಟು ಕಟ್ಟಿ ಆಟೋದಲ್ಲಿ ಇಟ್ಟರು. ರಾಜಕೀಯದ ಪುಸ್ತಕವೆಂದರೆ ಜನ ಕೊಳ್ಳುತ್ತಾರೆಂದು ನನಗೆ ಭ್ರಮೆ ಇತ್ತು. ಯಾವ ನಾಯಕನನ್ನೂ ಹೊಗಳದ, ಯಾರನ್ನೂ ಬೈಯದ ರಾಜಕೀಯ ಪುಸ್ತಕಕ್ಕೆ ಗಿರಾಕಿ ಇಲ್ಲವೆಂಬುದು ಎರಡೇ ವಾರದಲ್ಲಿ ತಿಳಿಯಿತು.

2023ರ ಚಳಿಗಾಲ. ಅರಸೀಕೆರೆ ಕಡೆಯ ಒಂದು ಹಳ್ಳಿಯ ಪಂಚಾಯಿತಿ ಗ್ರಂಥಾಲಯದಲ್ಲಿ ಸ್ನೇಹಿತರೊಬ್ಬರು ನನ್ನ ಮಾತು ಏರ್ಪಡಿಸಿದ್ದರು. ಹದಿನೈದು ಇಪ್ಪತ್ತು ಜನ ಸೇರಿದ್ದರು. ನಾನು ಮೇಜಿನ ಮೇಲೆ ಪುಸ್ತಕಗಳನ್ನು ಜೋಡಿಸಿ, ಓಟಿನ ಚರಿತ್ರೆಯನ್ನು ಮುಕ್ಕಾಲು ಗಂಟೆ ಹೇಳಿದೆ. ಚಪ್ಪಾಳೆಯೂ ಬಿತ್ತು. ಆಗ ಬಾಗಿಲ ಹತ್ತಿರ ಕೂತಿದ್ದ ಅರವತ್ತರ ಸಮೀಪದ ಹೆಂಗಸೊಬ್ಬಳು ಎದ್ದು ಬಂದು ಒಂದು ಪುಸ್ತಕ ಕೈಗೆತ್ತಿಕೊಂಡಳು. ಹಿಂದೆ ಮುಂದೆ ತಿರುಗಿಸಿ ನನ್ನ ಕೈಗೇ ಕೊಟ್ಟಳು.

"ಮೇಷ್ಟ್ರೇ, ಇದ್ರಲ್ಲಿ ನನ್ನೆಸ್ರು ಎಲ್ಲೈತೆ, ಒಸಿ ನೋಡಿ ಹೇಳಿ."

"ಇದು ಪಟ್ಟಿ ಅಲ್ಲಮ್ಮ, ನಾನು ಬರೆದ ಪುಸ್ತಕ" ಎಂದೆ.

"ಓಟಿನ ಬುಕ್ಕು ಅಂದ್ರಲ್ಲ?"

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಆಕೆ ನಗಲಿಲ್ಲ. ಎರಡು ವರ್ಷ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಳಂತೆ. ಆ ವರ್ಷ ಮೇ ತಿಂಗಳ ವಿಧಾನಸಭಾ ಚುನಾವಣೆಗೆ ಒಂದು ದಿನದ ಕೂಲಿ ಬಿಟ್ಟು, ಬಸ್ಸಿನಲ್ಲಿ ನಿಂತುಕೊಂಡೇ ಊರಿಗೆ ಬಂದಿದ್ದಳು. ಮತಗಟ್ಟೆಯಲ್ಲಿ ಹೆಸರಿಲ್ಲವೆಂದರು. ಪಟ್ಟಿ ತಿದ್ದಲು ಬಂದವರು, ಮನೆಗೆ ಬೀಗ ಹಾಕಿದ್ದು ನೋಡಿ, ಊರು ಬಿಟ್ಟಿದ್ದಾಳೆಂದು ಬರೆದುಕೊಂಡಿರಬೇಕು. 1950ರ ಜನತಾ ಪ್ರಾತಿನಿಧ್ಯ ಕಾಯಿದೆ ಹೇಳುವುದು ಬೇರೆ. ಸ್ವಲ್ಪ ಕಾಲ ಊರಲ್ಲಿಲ್ಲ ಎಂಬ ಮಾತ್ರಕ್ಕೆ ಯಾರೂ ಆ ಊರಿನವರಲ್ಲ ಎಂದಾಗುವುದಿಲ್ಲ. ಆದರೆ ಕಾಯಿದೆ ಬೀಗ ಹಾಕಿದ ಬಾಗಿಲ ಮುಂದೆ ನಿಂತು ಮಾತಾಡುವುದಿಲ್ಲವಲ್ಲ.

ಆಕೆ ನನ್ನ ಪುಸ್ತಕವನ್ನು ಮತದಾರರ ಪಟ್ಟಿಯೆಂದು ತಿಳಿದದ್ದು ತಪ್ಪು ನಿಜ. ಆದರೆ ಆ ರಾತ್ರಿ ಮಲಗಿದಾಗ, ತಪ್ಪು ಯಾರದು ಎಂದು ನನಗೇ ಅನುಮಾನವಾಯಿತು. ಈ ದೇಶದ ಎಲ್ಲಕ್ಕಿಂತ ದೊಡ್ಡ ರಾಜಕೀಯ ಪುಸ್ತಕ ಯಾವುದೆಂದರೆ ಅದು ಆ ಪಟ್ಟಿಯೇ. ಅದರಲ್ಲಿ ಹೆಸರಿಲ್ಲದವಳಿಗೆ ನಾನು ಓಟಿನ ಚರಿತ್ರೆ ಹೇಳಿ ಬಂದಿದ್ದೆ.

ಆ ದೊಡ್ಡ ಪುಸ್ತಕದ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು.

ಮೊದಲು ಓಟು ಇದ್ದದ್ದು ಉಳ್ಳವರಿಗೆ. ನಮ್ಮ ಮೈಸೂರು ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಸೇರಿದ್ದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ; ನೆನೆಯಬೇಕಾದದ್ದೇ. ಆದರೆ ಅಲ್ಲಿಗೆ ಹೋದವರು ಜಮೀನುದಾರರು, ವರ್ತಕರು. ಕಂದಾಯ ಕಟ್ಟದವನ ಮಾತು ಕೇಳುವವರಿರಲಿಲ್ಲ. ಬ್ರಿಟಿಷ್ ಇಂಡಿಯಾದಲ್ಲೂ ಆಸ್ತಿ, ತೆರಿಗೆ, ವಿದ್ಯೆ ಇವೇ ಅಳತೆಗೋಲು. ಸ್ವತಂತ್ರ ಭಾರತ ಆ ಅಳತೆಗೋಲನ್ನೇ ಮುರಿಯಿತು. 21 ವರ್ಷ ತುಂಬಿದ ಎಲ್ಲರಿಗೂ ಓಟು ಎಂದಿತು. ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಜನ ಅಕ್ಷರ ಅರಿಯದ ಕಾಲ ಅದು.

ಹೇಳಿದ್ದು ಒಂದು ವಾಕ್ಯ, ಮಾಡಬೇಕಾದದ್ದು ಬೆಟ್ಟದಷ್ಟು. ಸಂವಿಧಾನ ಜಾರಿಯಾದದ್ದು 1950ರ ಜನವರಿ 26ರಂದು. ಮತದಾರರ ಪಟ್ಟಿಯ ಕೆಲಸ ಅದಕ್ಕೂ ಎರಡು ವರ್ಷ ಮೊದಲೇ ಆರಂಭವಾಗಿತ್ತೆಂಬುದು ಬಹಳ ಜನಕ್ಕೆ ತಿಳಿಯದು. ಸಂವಿಧಾನ ಸಭೆಯ ಕಾರ್ಯಾಲಯ 1948ರಲ್ಲಿಯೇ ಪ್ರಾಂತಗಳಿಗೂ ಸಂಸ್ಥಾನಗಳಿಗೂ ಸೂಚನೆ ಕಳಿಸಿ ಕರಡು ಪಟ್ಟಿ ಬರೆಸತೊಡಗಿತು. ಅದಕ್ಕೆ ಸಲಹೆ ಸೂಚನೆ ಕೊಟ್ಟವರು ಸಂವಿಧಾನ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರು, ನಮ್ಮ ಮಂಗಳೂರಿನ ಕಡೆಯ ಮನೆತನದವರು. ಇತಿಹಾಸಕಾರ್ತಿ ಓರ್ನಿತ್ ಶಾನಿ 2018ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಕಥೆಯನ್ನು ಹಳೆಯ ಕಡತಗಳಿಂದ ಹೆಕ್ಕಿ ತೆಗೆದಿದ್ದಾರೆ. ಇನ್ನೂ ಪ್ರಜೆ ಯಾರೆಂದು ಕಾನೂನು ಪೂರ್ತಿ ಹೇಳುವ ಮೊದಲೇ ಗುಮಾಸ್ತರು ಪ್ರಜೆಗಳ ಹೆಸರು ಬರೆದುಕೊಳ್ಳುತ್ತಿದ್ದರು.

ಆಗ ಎದ್ದ ಪ್ರಶ್ನೆ ನಮ್ಮ ಕೂಲಿ ಹೆಂಗಸಿನ ಪ್ರಶ್ನೆಯೇ. ದೇಶ ಒಡೆದು ಲಕ್ಷಾಂತರ ಜನ ಮನೆಮಠ ಬಿಟ್ಟು ಬಂದಿದ್ದರು. ಇಂಥ ಊರಲ್ಲಿ ಇಷ್ಟು ದಿನ ಇದ್ದವನಿಗೆ ಓಟು ಎಂದರೆ, ನಿನ್ನೆ ಶಿಬಿರಕ್ಕೆ ಬಂದವನ ಗತಿಯೇನು? ನಿರಾಶ್ರಿತರು ದೆಹಲಿಗೆ ಕಾಗದ ಬರೆದರು. ಕಾರ್ಯಾಲಯದವರು ಉತ್ತರ ಬರೆದರು. ಕಡೆಗೆ, ಈ ಊರಿನಲ್ಲೇ ನೆಲೆಸುವ ಮನಸ್ಸಿದೆಯೆಂದು ನಿರಾಶ್ರಿತ ತಾನೇ ಹೇಳಿಕೆ ಕೊಟ್ಟರೆ ಸಾಕು, ಸದ್ಯಕ್ಕೆ ಅವನ ಹೆಸರು ಬರೆದುಕೊಳ್ಳಿ ಎಂದು ಅಪ್ಪಣೆಯಾಯಿತು. ದಾಖಲೆ ಕಳೆದುಕೊಂಡು ಬಂದವನಿಗೆ ಅವನ ಮಾತೇ ದಾಖಲೆ. ಇದನ್ನು ಓದಿದಾಗ ನನಗೆ ಅಪರೂಪಕ್ಕೆ ಸರ್ಕಾರಿ ಸುತ್ತೋಲೆಯೊಂದರ ಮೇಲೆ ಪ್ರೀತಿ ಬಂತು.

1950ರ ಮಾರ್ಚಿನಲ್ಲಿ ಸುಕುಮಾರ ಸೇನ್ ಮೊದಲ ಮುಖ್ಯ ಚುನಾವಣಾ ಆಯುಕ್ತರಾದರು. ಗಣಿತ ಓದಿದ್ದ ಬಂಗಾಳದ ಅಧಿಕಾರಿ. ಅವರ ಮುಂದಿದ್ದ ಲೆಕ್ಕವೂ ಸಣ್ಣದಾಗಿರಲಿಲ್ಲ. ಮತದಾರರು 17 ಕೋಟಿ 30 ಲಕ್ಷ. ಪಟ್ಟಿಯನ್ನು ಬೆರಳಚ್ಚು ಮಾಡಿ ಜೋಡಿಸಲು 16,500 ಗುಮಾಸ್ತರನ್ನು ಆರು ತಿಂಗಳ ಕರಾರಿನ ಮೇಲೆ ತೆಗೆದುಕೊಂಡರು. ಮುದ್ರಿಸಲು 3,80,000 ರೀಮು ಕಾಗದ ಬೇಕಾಯಿತು. ಐನೂರು ಪ್ರತಿ ಅಚ್ಚು ಹಾಕಿಸಿ ಸುಸ್ತಾದ ನನ್ನಂಥವನಿಗೆ ಆ ಪುಸ್ತಕದ ಗಾತ್ರ ಊಹೆಗೂ ಸಿಗುವುದಿಲ್ಲ.

ಪಟ್ಟಿ ಬರೆಯುವವರು ಮನೆ ಮನೆಗೆ ಹೋದಾಗ ಉತ್ತರದ ರಾಜ್ಯಗಳಲ್ಲಿ ಒಂದು ವಿಚಿತ್ರ ತೊಡಕು ಎದುರಾಯಿತು. ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವನ ತಾಯಿ, ಇಂಥವನ ಹೆಂಡತಿ ಎಂದರು. ಗುಮಾಸ್ತರೂ ಹಾಗೆಯೇ ಬರೆದುಕೊಂಡು ಬಂದರು. ಸೇನ್ ಒಪ್ಪಲಿಲ್ಲ. ಮತದಾರಳೆಂದರೆ ಅವಳಿಗೆ ಅವಳದೇ ಹೆಸರಿರಬೇಕು ಎಂದರು. ಹೆಸರು ಹೇಳಿ ತಿದ್ದಿಸಿಕೊಳ್ಳಲು ಬಿಹಾರದಲ್ಲಿ ಹೆಚ್ಚಿನ ಅವಧಿಯನ್ನೂ ಕೊಟ್ಟರು. ಆದರೂ ದೇಶದ ಸುಮಾರು 8 ಕೋಟಿ ಸ್ತ್ರೀ ಮತದಾರರಲ್ಲಿ 28 ಲಕ್ಷದಷ್ಟು ಹೆಂಗಸರ ನಮೂದುಗಳನ್ನು ಹೊಡೆದುಹಾಕಬೇಕಾಯಿತು. ಮೊದಲ ಚುನಾವಣೆಯ ಬಗ್ಗೆ ಆಯೋಗ 1955ರಲ್ಲಿ ಹೊರತಂದ ವರದಿಯಲ್ಲಿ ಈ ಸಂಗತಿ ಇದೆ. ಸೇನರು ಮಾಡಿದ್ದು ಸರಿಯೆ? ಬಹಳ ದಿನ ನಾನು ಸರಿಯೆಂದೇ ವಾದಿಸುತ್ತಿದ್ದೆ. ಹೆಂಗಸು ಯಾರದೋ ಬಾಲವಲ್ಲ, ತಾನೇ ಒಬ್ಬ ಪ್ರಜೆ ಎಂದು ಸರ್ಕಾರ ಹೇಳಿದ ಮೊದಲ ಮಾತು ಅದು. ಆದರೆ ಆ ಮಾತಿನ ಬೆಲೆ ತೆತ್ತವರು ಅದೇ ಹೆಂಗಸರು. ಈ ಎರಡನೆಯ ಮಾತು ನನಗೆ ಹೊಳೆದದ್ದು ಹೇಗೆಂದು ಮುಂದೆ ಹೇಳುತ್ತೇನೆ.

ಮೊದಲ ಚುನಾವಣೆ 1951ರ ಅಕ್ಟೋಬರ್ 25ರಿಂದ 1952ರ ಫೆಬ್ರವರಿ 21ರವರೆಗೆ ನಡೆಯಿತು. ಹಿಮಾಚಲದ ಚಿನಿ ಪ್ರದೇಶದಲ್ಲಿ ಹಿಮ ಬಿದ್ದು ದಾರಿ ಮುಚ್ಚುವ ಮೊದಲೇ ಓಟು ಹಾಕಿಸಿದರು. ಓಟೆಂದರೇನೆಂದು ಜನರಿಗೆ ತಿಳಿಹೇಳುವುದೇ ಒಂದು ದೊಡ್ಡ ಕೆಲಸವಾಗಿತ್ತು. ಮೂರು ಸಾವಿರಕ್ಕಿಂತ ಹೆಚ್ಚು ಚಿತ್ರಮಂದಿರಗಳಲ್ಲಿ ಮತದಾನದ ಕಿರುಚಿತ್ರ ತೋರಿಸಿದರು, ಆಕಾಶವಾಣಿಯಲ್ಲಿ ಹೇಳಿಸಿದರು. ಓದು ಬಾರದವರಿಗಾಗಿ ಚಿಹ್ನೆಗಳು ಬಂದವು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವನ ಚಿಹ್ನೆ. ಚೀಟಿಯ ಮೇಲೆ ಏನನ್ನೂ ಬರೆಯಬೇಕಾಗಿಲ್ಲ. ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು. ಹೀಗೆ ಇಪ್ಪತ್ತು ಲಕ್ಷ ಉಕ್ಕಿನ ಪೆಟ್ಟಿಗೆಗಳು, ಅವಕ್ಕೆ 8,200 ಟನ್ನು ಉಕ್ಕು.

ಈ ಪೆಟ್ಟಿಗೆಗಳನ್ನು ನಾನು ಕಣ್ಣಾರೆ ಕಂಡದ್ದು 1957ರಲ್ಲಿ, ಏಳು ವರ್ಷದ ಹುಡುಗನಾಗಿ. ಅಜ್ಜಿಯ ಸೆರಗು ಹಿಡಿದು ಶಾಲೆಗೆ ಹೋಗಿದ್ದೆ. ಪೆಟ್ಟಿಗೆ ಇಟ್ಟ ಮರೆಯೊಳಗೆ ನನ್ನನ್ನು ಬಿಡಲಿಲ್ಲ. ಪರದೆಯ ಸಂದಿಯಿಂದ ಸಾಲಾಗಿ ಇಟ್ಟ ಪೆಟ್ಟಿಗೆಗಳು ಕಂಡವು: ಜೋಡೆತ್ತು, ಗುಡಿಸಲು, ಇನ್ನೂ ಏನೇನೋ. ಅಜ್ಜಿ ಬರಿಗಾಲಲ್ಲಿ ಹೋಗಿ, ಪೆಟ್ಟಿಗೆಗೆ ಕೈಮುಗಿದು, ಚೀಟಿ ಹಾಕಿ ಬಂದಳು. ಯಾವುದಕ್ಕೆ ಹಾಕಿದೆ ಎಂದರೆ, "ದೇವ್ರಿಗೆ ಏನು ಕೇಳ್ಕಂಡೆ ಅಂತ ಹೇಳ್ತಾರೇನೋ ಕೂಸೆ" ಎಂದಳು. ಗುಪ್ತ ಮತದಾನದ ತತ್ವವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಪ್ರಾಧ್ಯಾಪಕರನ್ನು ನಾನು ಮುಂದೆಯೂ ಕಾಣಲಿಲ್ಲ. ಪೆಟ್ಟಿಗೆಗೆ ಪೂಜೆ ಮಾಡಿದವರು ಮೊದಲ ಚುನಾವಣೆಯಲ್ಲೂ ಇದ್ದರು. ಎಣಿಕೆಗೆ ತೆರೆದಾಗ ಒಳಗೆ ಸಿನಿಮಾ ನಟರ ಚಿತ್ರಗಳೂ, ಅಭ್ಯರ್ಥಿಗಳನ್ನು ಬೈದ ಚೀಟಿಗಳೂ ಸಿಕ್ಕಿದ್ದುಂಟು.

ಪೆಟ್ಟಿಗೆಯ ಪದ್ಧತಿ ಸುಲಭವಾಗಿತ್ತು, ಆದರೆ ಸುಲಭದಲ್ಲೇ ಕಿಂಡಿಯೂ ಇತ್ತು. ಚೀಟಿಯನ್ನು ಪೆಟ್ಟಿಗೆಗೆ ಹಾಕದೆ ಮಡಿಲಲ್ಲಿಟ್ಟುಕೊಂಡು ಹೊರಗೆ ತಂದರೆ ಅದನ್ನು ಕೊಳ್ಳುವವರಿದ್ದರು. ಆದ್ದರಿಂದ 1962ರ ಮಹಾಚುನಾವಣೆಯ ಹೊತ್ತಿಗೆ ಎಲ್ಲ ಚಿಹ್ನೆಗಳೂ ಒಂದೇ ಕಾಗದದ ಮೇಲೆ ಬಂದವು. ಬೇಕಾದ ಚಿಹ್ನೆಯ ಮೇಲೆ ಮುದ್ರೆ ಒತ್ತುವ ಪದ್ಧತಿ ಬಂತು. ಕಾಗದ ಮಡಿಸಿದಾಗ ಹಸಿ ಮಸಿ ಎದುರಿನ ಚಿಹ್ನೆಗೂ ಅಂಟುವುದಲ್ಲ, ಆಗ ಯಾವುದು ಒತ್ತಿದ್ದು, ಯಾವುದು ಅಂಟಿದ್ದು? ಅದಕ್ಕೂ ಉಪಾಯ ಹುಡುಕಿದರು. ಮುದ್ರೆಯ ಗುರುತು ಸ್ವಸ್ತಿಕದಂತೆ ತಿರುಗಿದ ಬಾಣಗಳದು. ಅಂಟಿಕೊಂಡ ಗುರುತು ಕನ್ನಡಿಯಲ್ಲಿ ಕಂಡಂತೆ ಎದುರು ದಿಕ್ಕಿಗೆ ತಿರುಗುತ್ತದೆ. ಎಣಿಕೆಯ ಮೇಜಿನಲ್ಲಿ ಕೂತವರಿಗೇ ಗೊತ್ತು, ಈ ಪುಟ್ಟ ಜಾಣತನ ಎಷ್ಟು ಓಟುಗಳನ್ನು ಉಳಿಸಿತೆಂದು.

ಅದೇ 1962ರಲ್ಲಿ ನಮ್ಮ ಮೈಸೂರಿನ ಹೆಸರೂ ದೇಶದ ಬೆರಳಿಗೆ ಅಂಟಿತು. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಸ್ಥಾಪಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆಗೆ ಅಳಿಸಲಾಗದ ಶಾಯಿ ತಯಾರಿಸುವ ಕೆಲಸ ಬಂತು. ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಶಾಯಿಯಲ್ಲಿರುವ ಬೆಳ್ಳಿಯ ಲವಣ ಬೆಳಕು ಬಿದ್ದಂತೆ ಕಪ್ಪಾಗಿ ಚರ್ಮಕ್ಕೂ ಉಗುರಿಗೂ ಕಚ್ಚುತ್ತದೆ. ಉಗುರು ಬೆಳೆದೇ ಹೋಗಬೇಕು. ಒಬ್ಬನ ಓಟನ್ನು ಇನ್ನೊಬ್ಬ ಹಾಕದಂತೆ ಕಾಯುವುದೂ ಓಟನ್ನು ಸುಲಭ ಮಾಡುವ ಒಂದು ದಾರಿಯೇ.

ಆಮೇಲಿನದು ಹಲವರಿಗೆ ತಿಳಿದದ್ದು. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮೊದಲು ಮತಯಂತ್ರ ಇಟ್ಟರು. ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಕಾನೂನು ತಿದ್ದಿದ ಮೇಲೆ, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಕಾರ್ಖಾನೆಯ ಯಂತ್ರಗಳು 2004ರ ಲೋಕಸಭಾ ಚುನಾವಣೆಯ ಹೊತ್ತಿಗೆ ಇಡೀ ದೇಶಕ್ಕೆ ಹಬ್ಬಿದವು. 1989ರಿಂದ 18 ತುಂಬಿದವರಿಗೂ ಓಟು ಬಂತು. 2023ರ ನಮ್ಮ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದ ಮುದುಕರ ಮನೆಗೇ ಅಧಿಕಾರಿಗಳು ಮತಪತ್ರ ತಂದರು. ಮತಗಟ್ಟೆಗೆ ಜನ ಬರಬೇಕು ಎಂಬಲ್ಲಿಂದ, ಜನರಿದ್ದಲ್ಲಿಗೆ ಮತಗಟ್ಟೆ ಹೋಗಬೇಕು ಎಂಬಲ್ಲಿಗೆ ನಾವು ಬಂದೆವು.

ಇಷ್ಟನ್ನೂ ನಾನು ಪುಸ್ತಕದಲ್ಲಿ ಬರೆದಿದ್ದೆ. ಬರೆಯದೆ ಬಿಟ್ಟದ್ದು ಒಂದಿತ್ತು.

1983ರ ಜನವರಿ. ವಿಧಾನಸಭಾ ಚುನಾವಣೆ. ನಾನು ಮೊದಲನೆಯ ಪೋಲಿಂಗ್ ಆಫೀಸರು. ಪಟ್ಟಿ ನೋಡಿ ಹೆಸರು ಕೂಗುವ ಕೆಲಸ. ಮತದಾನ ಮುಗಿಯಲು ಇನ್ನು ಅರ್ಧ ಗಂಟೆ ಇರುವಾಗ ದೂರದ ಹಟ್ಟಿಯಿಂದ ವಯಸ್ಸಾದ ಹೆಂಗಸೊಬ್ಬಳು ಒಬ್ಬಳೇ ಬಂದಳು. ಕೈಯಲ್ಲಿ ಚೀಟಿ ಇರಲಿಲ್ಲ. ಹೆಸರು ಕೇಳಿದೆ. ಪುಟ್ಟಕ್ಕ ಎಂದಳು. ಪಟ್ಟಿಯಲ್ಲಿ ಪುಟ್ಟಕ್ಕ ಇರಲಿಲ್ಲ. ಪುಟ್ಟಮ್ಮ ಕೋಂ ಇಂಥವನು ಎಂದು ಮೂವರಿದ್ದರು. ಇಬ್ಬರು ಆಗಲೇ ಓಟು ಹಾಕಿದ್ದರು.

"ಯಜಮಾನರ ಹೆಸರೇನಮ್ಮ?"

ಆಕೆ ಮಾತಾಡಲಿಲ್ಲ. ಸೆರಗನ್ನು ತಲೆಗೆ ಎಳೆದುಕೊಂಡು ನೆಲ ನೋಡಿದಳು. ಮತ್ತೆ ಕೇಳಿದೆ, ಸ್ವಲ್ಪ ಜೋರಾಗಿ. ಗಂಡನ ಹೆಸರನ್ನು ಬಾಯಲ್ಲಿ ಆಡಬಾರದೆಂದು ಬೆಳೆದವಳು. ನನ್ನ ಅಜ್ಜಿಯೂ ಹಾಗೆಯೇ ಇದ್ದಳು. ಅದನ್ನು ತಿಳಿದೂ ನಾನು ಕೇಳಿದೆ. ಏಜೆಂಟರು ಬೇರೆ ಊರಿನವರು, ಅವರಿಗೆ ಗುರುತಿಲ್ಲ. ಬೆಳಗಿನಿಂದ ಕೂತು ನನ್ನ ತಲೆಯೂ ಬಿಸಿಯಾಗಿತ್ತು. "ಗುರುತಿರುವವರನ್ನು ಯಾರನ್ನಾದರೂ ಕರೆದುಕೊಂಡು ಬಾರಮ್ಮ" ಎಂದು ಕಳಿಸಿದೆ. ಹಟ್ಟಿ ಎರಡು ಮೈಲಿ. ಆಕೆ ಹೋದಳು, ಬರಲಿಲ್ಲ.

ಊರಿಗೆ ಮರಳಿದ ಮೇಲೆ ಒಂದು ದಿನ ಚುನಾವಣಾ ನಿಯಮಗಳನ್ನು ಸಾವಕಾಶವಾಗಿ ಓದಿದೆ. ಮೊದಲು ಓದದ ತಪ್ಪಿಗೆ ಕ್ಷಮೆಯಿಲ್ಲ. 1961ರ ನಿಯಮದಲ್ಲಿ ಸ್ಪಷ್ಟವಾಗಿತ್ತು: ಬಂದವರು ಪಟ್ಟಿಯಲ್ಲಿರುವವರೇ ಎಂದು ಮನವರಿಕೆಯಾದರೆ, ಬರವಣಿಗೆಯ ಅಥವಾ ಅಚ್ಚಿನ ಸಣ್ಣ ತಪ್ಪುಗಳನ್ನು ಲೆಕ್ಕಿಸಬಾರದು. ಮನವರಿಕೆ ಮಾಡಿಕೊಳ್ಳಬೇಕಾದವರು ಪ್ರಿಸೈಡಿಂಗ್ ಆಫೀಸರು. ನಾನು ಅವರ ತನಕ ವಿಷಯ ಒಯ್ಯಲೇ ಇಲ್ಲ. ಮೂವರು ಪುಟ್ಟಮ್ಮಂದಿರ ಗಂಡಂದಿರ ಹೆಸರನ್ನು ನಾನೇ ಓದಿ, ಯಾವುದಕ್ಕೆ ತಲೆಯಾಡಿಸುತ್ತೀಯಮ್ಮ ಎಂದಿದ್ದರೂ ಆಗುತ್ತಿತ್ತು. ಅಷ್ಟು ಸಣ್ಣ ಉಪಾಯ ಹೊಳೆಯಲಿಲ್ಲ. ಇಪ್ಪತ್ತೆಂಟು ಲಕ್ಷ ಹೆಂಗಸರ ಹೆಸರು ಅಳಿಸಿದ ವಿಷಯ ಓದಿದಾಗ ನನಗೆ ಆ ಸಂಖ್ಯೆ ಕಾಣಲಿಲ್ಲ. ಸೆರಗೆಳೆದುಕೊಂಡು ತಿರುಗಿ ಹೋದ ಒಬ್ಬ ಮುದುಕಿ ಕಂಡಳು. ಓಟು ಸುಲಭವಾಗುವುದು ಉಕ್ಕಿನ ಪೆಟ್ಟಿಗೆಯಿಂದಲೂ ಅಲ್ಲ, ಯಂತ್ರದಿಂದಲೂ ಅಲ್ಲ. ಮೇಜಿನ ಹಿಂದೆ ಕೂತವನು ಆ ಕಡೆ ನಿಂತವರ ಕಷ್ಟವನ್ನು ಅರ್ಧ ನಿಮಿಷ ಯೋಚಿಸಿದರೆ ಮಾತ್ರ ಆಗುತ್ತದೆ.

ಗ್ರಂಥಾಲಯದ ಹೆಂಗಸಿನ ಮಾತು ಕೇಳಿದ ಮರುದಿನವೇ ತಾಲ್ಲೂಕು ಕಚೇರಿಗೆ ಹೋಗಿ ನಮೂನೆ 6ರ ಒಂದು ಕಟ್ಟು ತಂದೆ. ವಾರ ಕಳೆದು ಅದೇ ಹಳ್ಳಿಗೆ ಹೋದೆ. ಈ ಸಲ ಭಾಷಣವಿಲ್ಲ. ಜಗಲಿಯ ಮೇಲೆ ಕೂತು ಒಬ್ಬೊಬ್ಬರದೇ ಬರೆದುಕೊಟ್ಟೆ. ಮದುವೆಯಾಗಿ ಬಂದ ಸೊಸೆಯಂದಿರು, ಹದಿನೆಂಟು ತುಂಬಿದ ಹುಡುಗರು, ಬೆಂಗಳೂರಿಗೆ ಹೋಗಿ ಬಂದವರು. ಆಕೆಯ ಸರದಿ ಬಂತು. ಸಂಬಂಧಿಕರ ಹೆಸರು ಬರೆಯುವ ಅಂಕಣದ ಹತ್ತಿರ ನನ್ನ ಪೆನ್ನು ನಿಂತಿತು. ನಲವತ್ತು ವರ್ಷದ ಹಿಂದಿನ ಸಂಜೆ ನೆನಪಾಯಿತು.

"ತಂದೆ, ತಾಯಿ, ಯಾರ ಹೆಸರಾದರೂ ಆಗುತ್ತಮ್ಮ. ಯಜಮಾನರದೇ ಆಗಬೇಕೆಂದಿಲ್ಲ" ಎಂದೆ, ಮೆಲ್ಲಗೆ.

ಆಕೆ ನನ್ನ ಮುಖ ನೋಡಿ ನಕ್ಕುಬಿಟ್ಟಳು. "ಹನುಮಂತಯ್ಯ ಅಂತ ಬರ್ಕಳಿ ಮೇಷ್ಟ್ರೇ. ಗಂಡನ ಹೆಸ್ರು ಹೇಳಕ್ಕೆ ನಾಚ್ಕೆ ಏನು? ಬೆಂಗ್ಳೂರಲ್ಲಿ ದಿನಾ ಹಾಜ್ರಿಲಿ ನಾನೇ ಕೂಗಿ ಹೇಳ್ತಿದ್ದೆ."

ಸುಕುಮಾರ ಸೇನರಿದ್ದಿದ್ದರೆ ಸಂತೋಷಪಡುತ್ತಿದ್ದರು.

ಆ ದಿನ ಬರೆದ ಅರ್ಜಿಗಳು ಹನ್ನೊಂದು. ಮಾರಿದ ಪುಸ್ತಕ ಎರಡು. 2024ರ ಜನವರಿಯ ಪಟ್ಟಿಯಲ್ಲಿ ಆಕೆಯ ಹೆಸರು ಬಂತೆಂದು ಗ್ರಂಥಾಲಯದವರು ಫೋನು ಮಾಡಿ ತಿಳಿಸಿದರು. ಏಪ್ರಿಲ್ 26ರಂದು ನಮ್ಮ ಕಡೆ ಲೋಕಸಭೆಯ ಮತದಾನ ಮುಗಿಯಿತು. ಆಕೆ ಯಾರಿಗೆ ಓಟು ಹಾಕಿದಳೋ ನಾನು ಕೇಳಲಿಲ್ಲ. ಕೇಳಬಾರದೆಂದು ನನ್ನ ಅಜ್ಜಿ ಕಲಿಸಿದ್ದಾಳೆ. ಈಗಲೂ ಯಾರಾದರೂ ಮಾತಿಗೆ ಕರೆದರೆ ಚೀಲದಲ್ಲಿ ಪುಸ್ತಕದ ಜೊತೆ ಅರ್ಜಿಯ ಕಟ್ಟನ್ನೂ ಹಾಕಿಕೊಳ್ಳುತ್ತೇನೆ. ಪುಸ್ತಕದ ಕಟ್ಟು ಅಟ್ಟದ ಮೇಲೆ ಇನ್ನೂ ಹಾಗೆಯೇ ಇದೆ. ಅರ್ಜಿಯ ಕಟ್ಟನ್ನು ಮೂರು ಸಲ ಹೊಸದಾಗಿ ತಂದಿದ್ದೇನೆ.